ರಾಕ್ ಆಲ್ಬಂ: ಮೊದಲ ಸಲ ಕೇಳಿದ ಕಿವಿಯೊಳಗೆ

ರಾಕ್ ಸಂಗೀತಕ್ಕೂ ಕಲ್ಲುಬಂಡೆಗೂ ನಂಟಿಲ್ಲ. ಗಂಗಾವತಿ, ಆನೆಗೊಂದಿಯ ಬಂಡೆಗಾಡಿನಲ್ಲಿ ನಂಟಿದೆಯೆಂದು ತಿಳಿಯುವುದು ಸಹಜವಾದರೂ, ಇಲ್ಲಿ ಆ ಇಂಗ್ಲಿಷ್ ಪದಕ್ಕೆ ತೂಗು, ಓಲಾಡು ಎಂದು ಅರ್ಥ. 1950ರ ದಶಕದ ಅಮೆರಿಕದಲ್ಲಿ ಆಫ್ರಿಕನ್ ಮೂಲದವರ ರಿದಂ ಅಂಡ್ ಬ್ಲೂಸ್ ಮತ್ತು ಹಳ್ಳಿಗಾಡಿನ ಕಂಟ್ರಿ ಹಾಡುಗಳು ಬೆರೆತು ಹುಟ್ಟಿದ ಸಂಗೀತವಿದು. ಎಲೆಕ್ಟ್ರಿಕ್ ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್ ಮತ್ತು ಏರುಕಂಠ ಇದರ ಮುಖ್ಯ ಅಂಗಗಳು.

ಆಲ್ಬಂ ಎಂಬುದು ತಂತ್ರಜ್ಞಾನದ ಕೂಸು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಮೂರು–ನಾಲ್ಕು ನಿಮಿಷದ ಹಾಡಷ್ಟೇ ಹಿಡಿಯುತ್ತಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ತಂದ, ನಿಮಿಷಕ್ಕೆ 33⅓ ಸುತ್ತಿನ ಲಾಂಗ್ ಪ್ಲೇ ತಟ್ಟೆಯಲ್ಲಿ ಮಗ್ಗುಲಿಗೆ 20 ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಯಿತು. ಹಾಡುಗಳನ್ನು ಒಂದೇ ದಾರದಲ್ಲಿ ಪೋಣಿಸಲು ಜಾಗ ಸಿಕ್ಕಿತು. ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ (1967), ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಹೀಗೆ ಮೊದಲಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಕೇಳಬೇಕಾದ ಕೃತಿಗಳು. ಕನ್ನಡದ ಕಿವಿಗೆ ಹತ್ತಿರದ ಉದಾಹರಣೆ 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ. ಅದರಲ್ಲಿ ಶಿಶುನಾಳ ಶರೀಫರ ತತ್ವಪದಗಳೂ ಇವೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಭಜನೆಗಳಲ್ಲಿ ಏಕತಾರಿ, ತಾಳ, ಹಾರ್ಮೋನಿಯಂ ಜೊತೆ ತತ್ವಪದ ಕೇಳಿ ಬೆಳೆದವರಿಗೆ ಇಲ್ಲಿ ಮಾತು ಹಳೆಯದು, ನಾದ ಮಾತ್ರ ಹೊಸದು.

ಆ ಹೊಸ ನಾದದ ಮೂಲ ಎಲೆಕ್ಟ್ರಿಕ್ ಗಿಟಾರ್. ಅದರ ಉಕ್ಕಿನ ತಂತಿಗಳ ಕೆಳಗೆ ತಾಮ್ರದ ಸುರುಳಿ ಸುತ್ತಿದ ಆಯಸ್ಕಾಂತಗಳಿರುತ್ತವೆ. ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡ ನಿಯಮವೇ ಇಲ್ಲಿ ಕೆಲಸ ಮಾಡುವುದು. ಆಂಪ್ಲಿಫೈಯರ್ ಆ ವಿದ್ಯುತ್ತನ್ನು ತನ್ನ ಮಿತಿ ಮೀರಿ ಹಿಗ್ಗಿಸಹೊರಟಾಗ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆಗ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ಆವರ್ತಾಂಕದ ಉಪಸ್ವರಗಳು ಏಳುತ್ತವೆ. ರಾಕ್‌ನ ‘ಗರ್ರ್’ ಎನ್ನುವ ನಾದ ಇದೇ.

ಉಪಸ್ವರಗಳ ಈ ಸಮೃದ್ಧಿ ಉತ್ತರ ಕರ್ನಾಟಕದ ಕಿವಿಗೆ ಪೂರ್ತಿ ಅಪರಿಚಿತವಲ್ಲ. ತಂಬೂರಿಯಲ್ಲಿ ತಂತಿಗಳನ್ನು ಹೊರುವ ಬಾಗಿದ ಕುದುರೆಯೂ ಅದರ ಮೇಲೆ ತಂತಿಯಡಿ ಸಿಕ್ಕಿಸಿದ ನೂಲೂ ಸೇರಿ ಇಂಥದೇ ಝೇಂಕಾರ ಹೊಮ್ಮಿಸುತ್ತವೆ. ತಂಬೂರಿಯ ಉಪಸ್ವರಗಳ ವೈಶಿಷ್ಟ್ಯವನ್ನು ಸಿ.ವಿ. ರಾಮನ್ 1921ರ ಪ್ರಬಂಧದಲ್ಲಿ ವಿವರಿಸಿದ್ದರು. ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ರಾಕ್ ಗಿಟಾರಿಗರು ಹೆಚ್ಚಾಗಿ ನುಡಿಸುವ ‘ಪವರ್ ಕಾರ್ಡ್’ನಲ್ಲಿರುವುದು ಷಡ್ಜ, ಪಂಚಮ ಎರಡೇ. ಅವುಗಳ ಆವರ್ತಾಂಕಗಳ ಅನುಪಾತ 2:3. ಷಡ್ಜ 110 ಹರ್ಟ್ಸ್ ಇದ್ದರೆ ಪಂಚಮ 165. ಆಂಪ್ಲಿಫೈಯರ್ ಒಡೆದ ‘ಗರ್ರ್’ ನಾದದಲ್ಲಿ ಇವೆರಡೂ ಬೆರೆತಾಗ ವ್ಯತ್ಯಾಸದ ಸ್ವರವೊಂದು, ಅಂದರೆ 55 ಹರ್ಟ್ಸ್, ತಾನಾಗಿ ಹುಟ್ಟುತ್ತದೆ. ಅದು ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ಮೀಟದ ಈ ಮಂದ್ರವೇ ಎರಡು ಸ್ವರಕ್ಕೆ ಅಷ್ಟು ತೂಕ ಕೊಡುತ್ತದೆ. ಗಾಂಧಾರವನ್ನೂ ಸೇರಿಸಿದರೆ ಇಂಥ ವ್ಯತ್ಯಾಸದ ಸ್ವರಗಳು ಹೆಚ್ಚಿ ನಾದ ಕಲಕಿಹೋಗುತ್ತದೆ.

ತೊಡಕು ಬರುವುದು ಬೇರೆಡೆ. ತಂಬೂರಿಯ ಷಡ್ಜ ಕಛೇರಿ ಮುಗಿಯುವವರೆಗೂ ಕದಲುವುದಿಲ್ಲ. ರಾಕ್‌ನಲ್ಲಾದರೋ ಒಟ್ಟಿಗೆ ನುಡಿಸುವ ಸ್ವರಗುಚ್ಛವಾದ ಕಾರ್ಡ್, ಅದರೊಂದಿಗೆ ಅದರ ಆಧಾರಸ್ವರವೂ, ಆವರ್ತ ಆವರ್ತಕ್ಕೂ ಬದಲಾಗಬಹುದು. ಭಜನೆಯ ತಾಳದಲ್ಲಿ ಕಿವಿ ಕಾಯುವುದು ಮೊದಲ ಮಾತ್ರೆಯ ‘ಸಮ’ಕ್ಕೆ. ರಾಕ್‌ನ ನಾಲ್ಕು ಎಣಿಕೆಯಲ್ಲಿ ಡ್ರಮ್ಮಿನ ಗಟ್ಟಿ ಪೆಟ್ಟು ಎರಡು ಮತ್ತು ನಾಲ್ಕರ ಮೇಲೆ ಬೀಳುತ್ತದೆ. ಹೊಸಬರ ಚಪ್ಪಾಳೆ ತಪ್ಪುವುದು ಇದರಿಂದಲೇ.

ಸಂಗೀತ ಕೇಳುವಾಗ ಮಿದುಳು ಸುಮ್ಮನಿರುವುದಿಲ್ಲ. ಮುಂದಿನ ಸ್ವರ, ಮುಂದಿನ ಪೆಟ್ಟು ಯಾವುದೆಂದು ಕ್ಷಣಕ್ಷಣವೂ ಊಹಿಸುತ್ತದೆ. ಊಹೆಗೆ ಬಂಡವಾಳ ಅದುವರೆಗೆ ಕೇಳಿದ ಸಂಗೀತ. ಮಾಂಟ್ರಿಯಲ್‌ನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೆಚ್ಚಿನ ಸಂಗೀತ ಕೇಳುವಾಗ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಎರಡು ಸಲ, ಮಿದುಳಿನ ಎರಡು ಕಡೆ ಸ್ರವಿಸುತ್ತದೆ: ರೋಮಾಂಚನದ ಘಳಿಗೆಯನ್ನು ಕಾಯುವಾಗ ಒಮ್ಮೆ, ಅದು ಬಂದಾಗ ಇನ್ನೊಮ್ಮೆ. 2013ರಲ್ಲಿ ಅದೇ ಗುಂಪು, ಹಿಂದೆಂದೂ ಕೇಳಿರದ 60 ಹಾಡುಗಳ ತುಣುಕುಗಳನ್ನು 19 ಮಂದಿಗೆ ಕೇಳಿಸಿ, ಪ್ರತಿಯೊಂದಕ್ಕೂ ಎಷ್ಟು ದುಡ್ಡು ಕೊಡುವಿರಿ ಎಂದು ವಿಚಾರಿಸಿತು. ಹೆಚ್ಚು ಬೆಲೆ ಕಟ್ಟಿದ ಹಾಡುಗಳನ್ನು ಕೇಳುವಾಗ ಮಿದುಳಿನ ಸುಖಕೇಂದ್ರವಾದ ನ್ಯೂಕ್ಲಿಯಸ್ ಅಕುಂಬೆನ್ಸ್ ಚುರುಕಾಗಿತ್ತು. ಶಬ್ದದ ನೆನಪುಗಳಿರುವ ಶ್ರವಣ ಭಾಗದೊಂದಿಗೆ ಅದರ ಮಾತುಕತೆಯೂ ಹೆಚ್ಚಿತ್ತು. ಹೊಸ ಹಾಡಿನ ಸುಖಕ್ಕೂ ಹಳೆಯ ನೆನಪು ಬೇಕು.

ಹಾಗಾಗಿ ಮೊದಲ ಸಲ ರಾಕ್ ಬರೀ ಗದ್ದಲವೆನಿಸಿದರೆ ಅದು ಕಿವಿಯ ದೋಷವೂ ಅಲ್ಲ, ಸಂಗೀತದ ದೋಷವೂ ಅಲ್ಲ. ಊಹೆಗೆ ಇನ್ನೂ ಬಂಡವಾಳವಿಲ್ಲ, ಅಷ್ಟೆ. ಮತ್ತೆ ಮತ್ತೆ ಎದುರಾದದ್ದರ ಮೇಲೆ ಒಲವು ಬೆಳೆಯುತ್ತದೆಂದು ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ 1968ರಲ್ಲಿ ತೋರಿಸಿದರು. ಅತಿಯಾದರೆ ಬೇಸರವೂ ಬರುತ್ತದೆ. ನಡುವೆ ಬಿಡುವು ಕೊಟ್ಟು ಮೂರು–ನಾಲ್ಕು ಸಲ ಕೇಳಿದ ಮೇಲೆ ತೀರ್ಪು ಕೊಡುವುದು ನ್ಯಾಯ.

ಕೇಳುವ ಆಲ್ಬಂ ಯಾವ ಕಾಲದ್ದೆಂಬುದೂ ಮುಖ್ಯ: ಹಳೆಯ ಮತ್ತು ಹೊಸ ಆಲ್ಬಂಗಳ ನಡುವೆ ಒಂದು ಸ್ಪಷ್ಟ ಭೇದವಿದೆ. 1970ರ ದಶಕದ ಅನೇಕ ಮುದ್ರಣಗಳಲ್ಲಿ ಪಿಸುದನಿಗೂ ಅಬ್ಬರಕ್ಕೂ ಅಂತರ ದೊಡ್ಡದು. ಸಿ.ಡಿ. ಕಾಲದಲ್ಲಿ ತಮ್ಮ ಹಾಡೇ ಹೆಚ್ಚು ಜೋರಾಗಿ ಕೇಳಬೇಕೆಂಬ ಪೈಪೋಟಿ ಹುಟ್ಟಿ, ಮೆಲುದನಿಯನ್ನೂ ಎತ್ತರಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರು. ಮೆಟಾಲಿಕಾ ತಂಡದ 2008ರ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಈ ಕಾರಣಕ್ಕೆ ಅಭಿಮಾನಿಗಳಿಂದಲೇ ಟೀಕೆಗೆ ಗುರಿಯಾಯಿತು. ಏರಿಳಿತವಿಲ್ಲದ ಜೋರುದನಿ ಕಿವಿಯನ್ನು ಬೇಗ ದಣಿಸುತ್ತದೆ.

ಇಯರ್‌ಫೋನ್ ಹಾಕಿ ಕೇಳುವವರು ಒಂದು ಲೆಕ್ಕ ನೆನಪಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಒಳಕಿವಿಯ ಶಂಖದಲ್ಲಿ ಶಬ್ದವನ್ನು ನರಗಳಿಗೆ ದಾಟಿಸುವ ರೋಮಕೋಶಗಳು ಸುಮಾರು 3,500. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ.