ವಜ್ರದೊಳಗಿನ ಕಲೆ

ತುಮಕೂರಿನ ಸತ್ಯಮಂಗಲದ ಗೃಹಸ್ಥನೊಬ್ಬನು ಹಲವು ವರ್ಷಗಳ ಉಳಿತಾಯದಿಂದ ಮಗಳ ಮದುವೆಗೆಂದು ವಜ್ರದುಂಗುರವನ್ನು ಕೊಂಡನೆಂದು ಭಾವಿಸಿರಿ. ಅಂಗಡಿಯ ದೀಪದ ಬೆಳಕಿನಲ್ಲಿ ಅದು ನಿರ್ಮಲವಾಗಿ ಹೊಳೆಯಿತು. ಕೆಲವು ತಿಂಗಳುಗಳ ಬಳಿಕ ಅಕ್ಕಸಾಲಿಗನೊಬ್ಬನು ಅದನ್ನು ಮಸೂರದಡಿ ಹಿಡಿದಾಗ ಒಳಗೊಂದು ಕಪ್ಪು ಚುಕ್ಕೆ ಕಂಡಿತು. ವಜ್ರವು ಆಮೇಲೆ ಕೆಟ್ಟಿತೇ? ಇಲ್ಲ, ದೋಷವು ಮೊದಲೇ ಇದ್ದಿತು.

ನೈಸರ್ಗಿಕ ವಜ್ರಗಳು ಸಾಮಾನ್ಯವಾಗಿ 150 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಅಪಾರ ಒತ್ತಡ ಮತ್ತು ಉಷ್ಣಗಳಲ್ಲಿ ರೂಪುಗೊಳ್ಳುತ್ತವೆ. ಇಂಗಾಲವು ಹರಳುಗಟ್ಟುವಾಗ ಅನ್ಯ ಖನಿಜಗಳ ಕಣಗಳು ಅದರೊಳಗೆ ಸಿಲುಕುವುದುಂಟು.

ಇಂತಹ ದೋಷಗಳನ್ನು ಪ್ರಾಚೀನರೂ ಬಲ್ಲವರಾಗಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರತ್ನಪರೀಕ್ಷೆಯ ವಿಚಾರವಿದೆ. 17ನೆಯ ಶತಮಾನದಲ್ಲಿ ಭಾರತದ ಗಣಿಗಳನ್ನು ಕಂಡ ಫ್ರೆಂಚ್ ವರ್ತಕ ತಾವರ್ನಿಯೆಯು ಅಲ್ಲಿನ ಕುಶಲಿಗಳ ಉಪಾಯವೊಂದನ್ನು ದಾಖಲಿಸಿದ್ದಾನೆ. ಅವರು ಶುದ್ಧವಾದ ಹರಳನ್ನು ಸಾಣೆಗೆ ಲಘುವಾಗಿ ಮಾತ್ರ ಸೋಕಿಸುತ್ತಿದ್ದರು; ಕಲೆಯುಳ್ಳ ಹರಳಿಗಾದರೋ ಮೈತುಂಬ ಮುಖಗಳನ್ನು ತೆಗೆದು ದೋಷವನ್ನು ಮರೆಮಾಡುತ್ತಿದ್ದರು. ಹೀಗೆ ಥಳಥಳಿಕೆಯೇ ಕಲೆಗೆ ತೆರೆಯಾಗುತ್ತಿತ್ತು. ಇಂದಿಗೂ ಉಂಗುರದ ಚಿನ್ನದ ಹಿಡಿಗಳು ಹರಳಿನ ಅಂಚಿನ ಕಲೆಯನ್ನು ಮುಚ್ಚಬಲ್ಲವು.

ಆದಕಾರಣ ಹರಳನ್ನು ಉಂಗುರದಲ್ಲಿ ಕೂರಿಸುವ ಮೊದಲೇ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಿಂದ ಪರೀಕ್ಷಿಸಬೇಕು. ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರವನ್ನು ಕೇಳಬೇಕು. ಕಲೆಯಿರುವ ವಜ್ರವೂ ವಜ್ರವೇ. ಆದರೆ ಅದಕ್ಕೆ ನಿಷ್ಕಳಂಕ ವಜ್ರದ ಬೆಲೆಯನ್ನು ತೆತ್ತವನು ಮೋಸಹೋದಂತೆಯೇ ಸರಿ.