ಗೇರ್ ಬಾಕ್ಸ್ ಬಿಚ್ಚುವ ಮೊದಲು

ವಯನಾಡಿನಲ್ಲಿ ರೈಲಿಲ್ಲ. 1980ರ ನವೆಂಬರ್ 1ರಂದು ಜಿಲ್ಲೆಯಾದಾಗಲೂ ಇರಲಿಲ್ಲ, ಈಗಲೂ ಇಲ್ಲ. ಮದುವೆಗೆ ಹೋಗಲಿ, ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿಗೆ ಹೋಗಲಿ, ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಗೆ ಹೋಗಲಿ, ರಸ್ತೆಯೇ ಗತಿ. ಹಾಗಾಗಿ ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ವ್ಯಾನನ್ನು ಇಲ್ಲಿ ಯಾರೂ ಷೋಕಿಗೆ ಕೊಳ್ಳುವುದಿಲ್ಲ. ಮೊದಲು ಮಾರುತಿ ಓಮ್ನಿ ಬಂತು, ಆಮೇಲೆ ಕ್ವಾಲಿಸ್, ಇನ್ನೋವಾ, ಈಕೋ. ಜೀಪಿನ ಸೀಮೆ ಎಂದು ಹೆಸರು ಮಾಡಿದ್ದರೂ ಅಜ್ಜಿಯನ್ನೂ ಅಕ್ಕಿ ಮೂಟೆಯನ್ನೂ ಒಂದೇ ಟ್ರಿಪ್ಪಿನಲ್ಲಿ ಸಾಗಿಸಲು ವ್ಯಾನೇ ಬೇಕು.

ಈ ವ್ಯಾನುಗಳ ಗೇರ್ ಬಾಕ್ಸ್ ತಕರಾರು ತೆಗೆದಾಗ ಜನ ಹುಡುಕಿಕೊಂಡು ಹೋಗುವುದು ಸುಲ್ತಾನ್ ಬತ್ತೇರಿ, ಕಲ್ಪೆಟ್ಟ, ಮಾನಂತವಾಡಿಯ ರಸ್ತೆಬದಿಯ ವರ್ಕ್‌ಷಾಪುಗಳನ್ನು. ತಗಡಿನ ಮಾಡು, ಒಂದು ಗುಂಡಿ, ಗೋಡೆಗೆ ನೇತುಹಾಕಿದ ಸ್ಪ್ಯಾನರ್‌ಗಳು, ಎಣ್ಣೆ ಕುಡಿದು ಕಪ್ಪಾದ ನೆಲ. ಹುಡುಗರು ‘ಆಶಾನ್’ ಎಂದು ಕರೆಯುವ ಹಿರಿಯ ಮೇಸ್ತ್ರಿ ಒಬ್ಬರಿರುತ್ತಾರೆ. ಅಂಗಳದಲ್ಲಿ ಕೆಎಲ್ 12, ಕೆಎಲ್ 72, ಕೆಎಲ್ 73ರ ಜೊತೆಗೆ ನಮ್ಮ ಕೆಎ 10, ಕೆಎ 12 ನಂಬರಿನ ಗಾಡಿಗಳೂ ನಿಂತಿರುತ್ತವೆ. ಮೈಸೂರು, ಚಾಮರಾಜನಗರ, ಕೊಡಗಿನಲ್ಲಿ ಶುಂಠಿಗಾಗಿ ಜಮೀನು ಗುತ್ತಿಗೆ ಹಿಡಿಯುವ ವಯನಾಡಿನ ರೈತರು, ಅತ್ತ ವ್ಯಾಪಾರಕ್ಕೆ ಹೋಗುವ ನಮ್ಮವರು, ಹೀಗೆ ಗಡಿಯ ಎರಡೂ ಕಡೆ ಓಡಾಟ ಇದ್ದೇ ಇದೆ. ಗ್ರೀಸ್ ಮೆತ್ತಿದ ಕೈಗಳು ಮಲಯಾಳ, ಕನ್ನಡ ಬೆರಸಿಕೊಂಡೇ ವ್ಯವಹರಿಸುತ್ತವೆ.

ಬೋಲ್ಟ್ ಬಿಚ್ಚುವುದನ್ನು ಯಾರು ಬೇಕಾದರೂ ಕಲಿಯಬಹುದು. ಈ ಕಸುಬಿನ ಜೀವ ಇರುವುದು ಬಿಚ್ಚುವ ಮೊದಲಿನ ಅರ್ಧ ಗಂಟೆಯಲ್ಲಿ. ‘ಎರಡು ಸಲ ರಿಪೇರಿ ಮಾಡಿಸಿದೆ, ಮತ್ತೆ ಅದೇ’ ಎಂದು ಬರುವ ಗಾಡಿಗಳಲ್ಲಿ ಹೆಚ್ಚಿನವು ಈ ಅರ್ಧ ಗಂಟೆಯನ್ನು ಉಳಿಸಲು ಹೋಗಿ ಕೆಟ್ಟವು ಎಂಬುದು ನನ್ನ ಅಭಿಪ್ರಾಯ. ಸದ್ದು ಗೇರ್ ಬಾಕ್ಸಿನ ಕಡೆಯಿಂದ ಬಂತೆಂದರೆ ಸಾಕು, ಅದನ್ನು ಇಳಿಸಿಬಿಡುವುದು. ತಪ್ಪು ಮಾಡಿದ್ದು ಕ್ಲಚ್, ಶಿಕ್ಷೆ ಗೇರ್ ಬಾಕ್ಸಿಗೆ.

ಮೊದಲ ಪ್ರಶ್ನೆ ಸರಳವಾದದ್ದು: ‘ಅಣ್ಣಾ, ಬೆಳಿಗ್ಗೆ ತಣ್ಣಗಿದ್ದಾಗಲೂ ಹೀಗೇನಾ, ಬಿಸಿಯಾದ ಮೇಲೆ ಮಾತ್ರಾನಾ?’ ಬೆಳಗಿನ ಚಳಿಯಲ್ಲಿ ಗೇರ್ ಬಿಗಿಯಾಗಿದ್ದು, ಸ್ವಲ್ಪ ದೂರ ಓಡಿದ ಮೇಲೆ ಸಲೀಸಾದರೆ ಗುಮಾನಿ ಎಣ್ಣೆಯ ಮೇಲೆ. ಆಮೇಲೆ ಎಂಜಿನ್ ಆಫ್ ಮಾಡಿ ಒಂದರಿಂದ ರಿವರ್ಸ್‌ವರೆಗೆ ಎಲ್ಲ ಗೇರುಗಳನ್ನೂ ಹಾಕಿ ನೋಡುತ್ತಾರೆ. ನಿಂತ ಎಂಜಿನ್ನಿನಲ್ಲಿ ಬೆಣ್ಣೆಯಂತೆ ಬೀಳುವ ಗೇರು ಎಂಜಿನ್ ಓಡುವಾಗ ಮಾತ್ರ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಗೇರ್ ಬಾಕ್ಸ್ ಮುಟ್ಟುವ ಅಗತ್ಯವೇ ಇಲ್ಲ. ಓಮ್ನಿಯಲ್ಲಾದರೆ ಕ್ಲಚ್ ಕೇಬಲ್ ಹಿಗ್ಗಿರಬಹುದು. ಇನ್ನೋವಾದಲ್ಲಿ ಕ್ಲಚ್ ಕೆಲಸ ಮಾಡುವುದು ದ್ರವದ ಒತ್ತಡದಿಂದ. ಪೆಡಲ್ಲನ್ನು ಎರಡು ಮೂರು ಸಲ ತುಳಿದಾಗ ಗೇರ್ ಬೀಳುತ್ತದೆಂದರೆ ಸಿಲಿಂಡರ್ ಸೋರುತ್ತಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ಎಂಜಿನ್ ನಿಂತಿದ್ದಾಗಲೂ ಲಿವರ್ ಜಗ್ಗಾಡಿದರೆ ಲಿವರಿನಿಂದ ಬರುವ ಕೇಬಲ್, ಸವೆದ ಬುಷ್ ನೋಡಬೇಕು. ಎಷ್ಟೋ ‘ಗೇರ್ ಬಾಕ್ಸ್ ಕೆಲಸ’ ಒಂದು ಪ್ಲಾಸ್ಟಿಕ್ ಬುಷ್ಷಿನಲ್ಲಿ ಮುಗಿಯುತ್ತದೆ. ಲಾಭ ಕಡಿಮೆ ಇರುವ ಈ ಉತ್ತರವನ್ನು ಬಾಯಿಬಿಟ್ಟು ಹೇಳುವ ಮೇಸ್ತ್ರಿಯನ್ನು ಬಿಡಬೇಡಿ.

ಇನ್ನು ಸದ್ದು. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿದ್ದಾಗ ಗುಂಯ್ ಎನ್ನುವ ಸದ್ದು ಕ್ಲಚ್ ತುಳಿದೊಡನೆ ಅಡಗಿದರೆ ಒಳಗಿನ ಶಾಫ್ಟಿನ ಬೇರಿಂಗ್. ತುಳಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಓಡುವಾಗ ಬರುವ ಸದ್ದಿಗೆ ಇನ್ನೊಂದು ಉಪಾಯವಿದೆ. ಹಿಂದಿನ ಚಕ್ರ ತಿರುಗಿಸುವ ಇಂಥ ವ್ಯಾನುಗಳಲ್ಲಿ ಸಾಮಾನ್ಯವಾಗಿ ನಾಲ್ಕನೇ ಗೇರು ‘ಡೈರೆಕ್ಟ್’: ಶಕ್ತಿ ಮೇಲಿನ ಶಾಫ್ಟಿನಿಂದ ನೇರವಾಗಿ ಹಿಂದಕ್ಕೆ ಹೋಗುತ್ತದೆ, ಕೆಳಗಿನ ಶಾಫ್ಟಿನ ಮೇಲೆ ಭಾರ ಬೀಳುವುದಿಲ್ಲ. ಎರಡು, ಮೂರರಲ್ಲಿ ಊಳಿಡುವ ಗಾಡಿ ನಾಲ್ಕಕ್ಕೆ ಬಂದಾಗ ತಣ್ಣಗಾದರೆ ದೋಷ ಆ ಕೆಳಗಿನ ಶಾಫ್ಟಿನ ಬಳಿ. ನಾಲ್ಕರಲ್ಲೂ ಅದೇ ಊಳು ಇದ್ದು, ಆಕ್ಸಿಲರೇಟರ್ ಬಿಟ್ಟಾಗ ಸ್ವರ ಬದಲಾದರೆ ಹಿಂದಿನ ಹೌಸಿಂಗಿನ ಕ್ರೌನ್, ಪಿನಿಯನ್ ಕಡೆ ಹೋಗಬೇಕು. ಹೊರಡುವಾಗ ಮಾತ್ರ ಟಕ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್. ಸಾಧಾರಣ ಮ್ಯಾನ್ಯುಯಲ್ ಗೇರ್ ಬಾಕ್ಸಿನೊಳಗೆ ಯಾವ ಹಲ್ಲು ಸವೆದಿದೆ, ಯಾವ ಬೇರಿಂಗ್ ಕೂಗುತ್ತಿದೆ ಎಂದು ಹೇಳುವ ಸೆನ್ಸರ್ ಇರುವುದಿಲ್ಲ. ‘ಕಂಪ್ಯೂಟರ್ ಹಾಕಿ ನೋಡೋಣ’ ಎಂದು ಓಮ್ನಿಯ ಮುಂದೆ ನಿಂತು ಹೇಳುವವರ ಬಗ್ಗೆ ಹುಷಾರಾಗಿರಬೇಕು.

ಆದರೂ ವರ್ಕ್‌ಷಾಪಿನ ಅಂಗಳದಲ್ಲಿ ಸಿಗದ ದೋಷಗಳಿವೆ. ಅವು ತೋರುವುದು ತಾಮರಶ್ಶೇರಿ ಚುರದಲ್ಲಿ, ಅಂದರೆ ಘಾಟಿಯಲ್ಲಿ. ಗುಂಡ್ಲುಪೇಟೆಯಿಂದ ಮುತ್ತಂಗದ ಕಾಡು ದಾಟಿ ಬತ್ತೇರಿಗೆ ಬರುವವರಿಗೆ ದೊಡ್ಡ ಘಾಟಿ ಸಿಗುವುದಿಲ್ಲ. ಕೋಯಿಕ್ಕೋಡಿನ ಕಡೆ ಹೊರಟು ಲಕ್ಕಿಡಿ ಮುಟ್ಟಿದ ಮೇಲೆ ನೆಲವೇ ಕುಸಿದಂತೆ ಒಂಬತ್ತು ಹೇರ್‌ಪಿನ್ ತಿರುವುಗಳಲ್ಲಿ ಅಡಿವಾರಕ್ಕೆ ಇಳಿಯಬೇಕು. ಹತ್ತುವಾಗ ಏನೂ ತೋರದ ಗಾಡಿ ಇಳಿಯುವಾಗ ಎರಡನೇ ಗೇರಿನಿಂದ ತಾನಾಗಿ ನ್ಯೂಟ್ರಲ್ಲಿಗೆ ಹಾರುತ್ತದೆ. ಕಾರಣ ಇಷ್ಟೆ: ಹತ್ತುವಾಗ ಎಂಜಿನ್ ಚಕ್ರವನ್ನು ತಳ್ಳುತ್ತದೆ, ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಳ್ಳುತ್ತದೆ, ಹಲ್ಲುಗಳ ಮೇಲಿನ ಒತ್ತಡ ತಿರುಗುಮುರುಗಾಗುತ್ತದೆ. ಸವೆದ ಸ್ಲೀವ್, ಸೋತ ಸ್ಪ್ರಿಂಗ್, ಹರಿದ ಮೌಂಟಿಂಗ್ ರಬ್ಬರ್ ಆಗ ತಮ್ಮ ಬಣ್ಣ ತೋರಿಸುತ್ತವೆ. ಲಿವರನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಚುರ ಇಳಿಯುವ ಡ್ರೈವರ್‌ಗಳಿದ್ದಾರೆ; ಅದನ್ನು ಜಾಣತನ ಎಂದುಕೊಂಡವರೂ ಇದ್ದಾರೆ. ಗೇರು ಹಾರಿದ ಗಳಿಗೆಯಲ್ಲಿ ಅಷ್ಟೂ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬಿಸಿಯಾದ ಬ್ರೇಕ್ ಹಿಡಿಯುವುದಿಲ್ಲ. ಬೇರೆ ಯಾವ ದೋಷವನ್ನಾದರೂ ಮುಂದಿನ ತಿಂಗಳಿಗೆ ಹಾಕಿ, ಇದನ್ನು ಮಾತ್ರ ಹಾಕಬೇಡಿ.

ಚುರದ ಇನ್ನೊಂದು ಕೊಡುಗೆ ‘ಬ್ಲಾಕ್’. ರಜಾ ದಿನಗಳಲ್ಲಿ ಒಂದು ಲಾರಿ ತಿರುವಿನಲ್ಲಿ ಸಿಕ್ಕಿಕೊಂಡರೆ ಸಾಕು, ಗಾಡಿಗಳ ಸಾಲು ಗಂಟೆಗಟ್ಟಲೆ ತೆವಳುತ್ತದೆ. ಹ್ಯಾಂಡ್ ಬ್ರೇಕ್ ಹಾಕುವ ಬದಲು ಹಾಫ್ ಕ್ಲಚ್ಚಿನಲ್ಲೇ ಏರಿನ ಮೇಲೆ ಗಾಡಿ ನಿಲ್ಲಿಸಿದವರ ಕ್ಲಚ್ ಪ್ಲೇಟು ಅಲ್ಲೇ ಸುಟ್ಟು ವಾಸನೆ ಹೊಡೆಯುತ್ತದೆ. ಆಮೇಲೆ ಹೊಸ ಪ್ಲೇಟು, ನಾಲ್ಕು ತಿಂಗಳಿಗೆ ಮತ್ತೆ ನಡುಕ. ಇಂಥ ಗಾಡಿಯೊಂದರ ಪ್ಲೇಟನ್ನು ನನಗೆ ತೋರಿಸಿದರು. ಅಂಚಿನಲ್ಲಿ ತೆಳುವಾಗಿ ಎಣ್ಣೆ ಹೊಳೆಯುತ್ತಿತ್ತು, ರಿವೆಟ್ಟುಗಳ ಸುತ್ತ ಮಸಿ. ಗೇರ್ ಬಾಕ್ಸಿನ ಮುಂದಿನ ಆಯಿಲ್ ಸೀಲ್ ಜಿನುಗಿ ಪ್ಲೇಟು ಒದ್ದೆಯಾಗುತ್ತಿತ್ತು. ಸೀಲ್ ಬದಲಿಸದೆ ಎಷ್ಟು ಪ್ಲೇಟು ಹಾಕಿದರೂ ಅಷ್ಟೇ. ಬಿಸಿಗೆ ನೀಲಿಗಟ್ಟಿದ ಫ್ಲೈವೀಲನ್ನು ಹಾಗೆಯೇ ಬಿಟ್ಟು ಹೊಸ ಪ್ಲೇಟು ಕೂರಿಸಿದರೂ ಇದೇ ಕತೆ.

ಮಳೆಯನ್ನು ಮರೆಯುವಂತಿಲ್ಲ. ಬಿಸಿಯಾದ ಗೇರ್ ಬಾಕ್ಸ್ ರಸ್ತೆಯ ಮೇಲಿನ ನೆರೆನೀರಿಗೆ ಇಳಿದಾಗ ಒಳಗಿನ ಗಾಳಿ ಥಟ್ಟನೆ ತಣ್ಣಗಾಗಿ ಕುಗ್ಗುತ್ತದೆ. ಉಸಿರಾಡಲೆಂದು ಮೇಲೆ ಬಿಟ್ಟಿರುವ ಸಣ್ಣ ಕಿಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. 2018ರ ನೆರೆಯಂಥ ಮಳೆಗಾಲದ ನಂತರ ಎಣ್ಣೆ ಇಳಿಸಿದರೆ ಹಾಲು ಬೆರೆಸಿದ ಚಹಾದ ಬಣ್ಣ ಬರುವುದು ಇದರಿಂದ. ಇಳಿಸಿದ ಎಣ್ಣೆಯನ್ನು ಮೇಸ್ತ್ರಿ ಬೆರಳ ಮೇಲೆ ಉಜ್ಜಿ ಬೆಳಕಿಗೆ ಹಿಡಿಯುತ್ತಾರೆ. ಚಿನ್ನದ ಪುಡಿಯಂತೆ ಮಿನುಗಿದರೆ ಹಿತ್ತಾಳೆಯ ಸಿಂಕ್ರೋ ರಿಂಗ್ ಸವೆದಿದೆ, ಮೂರರಿಂದ ಎರಡಕ್ಕೆ ತರುವಾಗ ಗೇರು ಕಚ್ಚುತ್ತಿರಲೇಬೇಕು. ಬೂದು ಬಣ್ಣದ ನುಣುಪು ಕೆಸರು ಮಾಮೂಲು. ಉಗುರಿಗೆ ಸಿಗುವ ಉಕ್ಕಿನ ಚೂರು ಬಂದರೆ ಮಾತ್ರ ಗೇರ್ ಬಾಕ್ಸ್ ಇಳಿಸಲೇಬೇಕು.

ಯಾವ ಎಣ್ಣೆ ಎಂಬುದೂ ತಮಾಷೆಯ ಮಾತಲ್ಲ. ಹೌಸಿಂಗಿಗೆ ಹಾಕುವ ಜಿಎಲ್-5 ಎಣ್ಣೆಯನ್ನೇ ಗೇರ್ ಬಾಕ್ಸಿಗೂ ಸುರಿಯುವ ರೂಢಿ ಹಲವೆಡೆ ಇದೆ. ಹಿತ್ತಾಳೆ ರಿಂಗಿನ ಅನೇಕ ಗೇರ್ ಬಾಕ್ಸುಗಳಿಗೆ ಕಂಪನಿಗಳು ಹೇಳುವುದು ಜಿಎಲ್-4. ಅಮೆರಿಕದ ಕ್ರೈಸ್ಲರ್ ಮಿನಿವ್ಯಾನುಗಳಿಗೆ 1989ರಲ್ಲಿ ಬಂದ ಅಲ್ಟ್ರಾಡ್ರೈವ್ ಆಟೊಮ್ಯಾಟಿಕ್ ಕುಖ್ಯಾತವಾದುದಕ್ಕೂ ತಕ್ಕದ್ದಲ್ಲದ ಎಣ್ಣೆ ಒಂದು ಕಾರಣವಾಗಿತ್ತು. ಅದರ ಕಂಪ್ಯೂಟರಿಗೆ ಏನಾದರೂ ಎಡವಟ್ಟು ಕಂಡರೆ ಗಾಡಿ ಎರಡನೇ ಗೇರಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಬತ್ತೇರಿಯಿಂದ ಗುಂಡ್ಲುಪೇಟೆಗೆ ಹೋಗುವ ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಹಾಗಾಗಿ ಕರ್ನಾಟಕದ ಗಿರಾಕಿಯ ಜೊತೆ ಲೆಕ್ಕಾಚಾರ ಬೇರೆ. ಸಂಜೆ ನಾಲ್ಕಕ್ಕೆ ಬಂದವನಿಗೆ ಮೇಸ್ತ್ರಿ ಎರಡೇ ದಾರಿ ಹೇಳುತ್ತಾರೆ: ಕೇಬಲ್ ಬಿಗಿ ಮಾಡಿ ಎಣ್ಣೆ ನೋಡಿ ಈಗಲೇ ಕಳಿಸುತ್ತೇನೆ, ಇಲ್ಲವೇ ಗಾಡಿ ಇಲ್ಲಿ ಬಿಟ್ಟು ಹೋಗಿ. ಕಾಡಿನ ನಡುವೆ ಗಾಡಿ ನಿಂತರೆ ಇಳಿದು ತಳ್ಳುವ ಹಾಗಿಲ್ಲ, ಆನೆ ಓಡಾಡುವ ಜಾಗ.

ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. 2022ರಲ್ಲಿ ಬಂದ ಇನ್ನೋವಾ ಹೈಕ್ರಾಸ್‌ನಲ್ಲಿ ಕ್ಲಚ್ ಪೆಡಲ್ಲೇ ಇಲ್ಲ, ಪ್ರೊಪೆಲ್ಲರ್ ಶಾಫ್ಟೂ ಇಲ್ಲ. ಅದರ ದೋಷ ಹುಡುಕಲು ಸ್ಕ್ಯಾನರ್ ಮೊದಲು, ಕಿವಿ ಆಮೇಲೆ. ಇಂಥ ಗಾಡಿಗಳನ್ನು ಕಂಪನಿ ಸರ್ವಿಸ್‌ಗೇ ಕಳಿಸುವುದು ಕ್ಷೇಮ. ರಸ್ತೆಬದಿಯವರಿಗೆ ಸದ್ಯಕ್ಕೆ ಈಕೋಗಳಿವೆ, ಹಳೆಯ ಇನ್ನೋವಾಗಳಿವೆ, ಗುಜರಿಯಿಂದ ತಂದ ಬಿಡಿಭಾಗಗಳ ಮೇಲೆ ಇನ್ನೂ ಓಡುವ ಓಮ್ನಿಗಳಿವೆ. ಅವುಗಳಲ್ಲೊಂದನ್ನು ಅಲ್ಲಿಗೆ ಒಯ್ಯುವುದಿದ್ದರೆ ದೋಷ ಯಾವ ಗೇರಿನಲ್ಲಿ, ಏರಿನಲ್ಲೋ ಇಳಿಜಾರಿನಲ್ಲೋ, ಹಿಂದಿನ ಸಲ ಏನೇನು ಬದಲಿಸಿದರು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತೆಗೆದ ಹಳೆ ಸಾಮಾನನ್ನು ಕೇಳಿ ಪಡೆಯಿರಿ; ಮುಂದಿನ ಸಲ ಅದೇ ದೋಷ ಬಂದರೆ ಮೇಸ್ತ್ರಿ ಮೊದಲು ಕೇಳುವುದು ಅದನ್ನೇ.