ನಿಮಗಿದು ಗೊತ್ತೇ? ಮೊದಲು ಎಣಿಸಿ, ಆಮೇಲೆ ತೂಗಿ

ಪ್ರಥಮ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಮೊದಲ ಪಾಠಕ್ಕೇ ಮೋಲ್ ಲೆಕ್ಕ ಎದುರಾಗುತ್ತದೆ. ಸೂತ್ರಗಳನ್ನು ಬಾಯಿಪಾಠ ಮಾಡಿದವರೂ ಅಲ್ಲಿ ಎಡವುತ್ತಾರೆ. ತಕ್ಕಡಿ ಹೇಳುವುದು ತೂಕವನ್ನು. ಅಣುಗಳು ಕೂಡುವುದು ಮಾತ್ರ ಎಣಿಕೆಯ ಪ್ರಕಾರ. ಇದೊಂದು ಮನಸ್ಸಿಗೆ ಹಿಡಿದರೆ ಉಳಿದದ್ದೆಲ್ಲ ಅಂಗಡಿಯ ಲೆಕ್ಕದಷ್ಟೇ ಸಲೀಸು.

● ಇಂಥ ಲೆಕ್ಕಕ್ಕೆ ‘ಸ್ಟಾಯಿಕಿಯೊಮೆಟ್ರಿ’ ಎಂದು 1792ರಲ್ಲಿ ಹೆಸರಿಟ್ಟವರು ಜರ್ಮನಿಯ ಜೆರೆಮಿಯಾಸ್ ರಿಕ್ಟರ್. ಗ್ರೀಕ್‌ನಲ್ಲಿ ‘ಸ್ಟಾಯಿಕಿಯಾನ್’ ಎಂದರೆ ಮೂಲವಸ್ತು, ‘ಮೆಟ್ರಾನ್’ ಎಂದರೆ ಅಳತೆ. ಹೆಸರು ನಾಲಿಗೆಗೆ ಕಷ್ಟ, ಅರ್ಥ ಮಾತ್ರ ಸರಳ: ಯಾವುದು ಎಷ್ಟು ಬೇಕು, ಯಾವುದು ಎಷ್ಟು ಸಿಗುತ್ತದೆ.

● 18 ಗ್ರಾಂ ನೀರು ಒಂದೇ ಗುಟುಕಿಗೆ ಮುಗಿಯುತ್ತದೆ. ಅದೇ ಒಂದು ಮೋಲ್ ನೀರು. ಅದರಲ್ಲಿರುವ ಅಣುಗಳ ಸಂಖ್ಯೆ ಬರೆಯಬೇಕೆಂದರೆ 6022ರ ಮುಂದೆ 20 ಸೊನ್ನೆ ಹಾಕಬೇಕು. 2019ರ ಮೇ 20ರವರೆಗೆ ಮೋಲ್‌ನ ವ್ಯಾಖ್ಯೆ 12 ಗ್ರಾಂ ಇಂಗಾಲ-12ಕ್ಕೆ ಅಂಟಿಕೊಂಡಿತ್ತು. ಅಂದಿನಿಂದ ತೂಕದ ಹಂಗಿಲ್ಲ. 602214076ರ ಮುಂದೆ 15 ಸೊನ್ನೆ ಎಂಬ ಸಂಖ್ಯೆಯೇ ಮೋಲ್.

● ಈ ಸಂಖ್ಯೆಗೆ ಯಾರ ಹೆಸರಿದೆಯೋ ಆ ಇಟಲಿಯ ಅವೊಗಾಡ್ರೊ ಓದಿದ್ದು ಕಾನೂನು. ಒಂದೇ ಉಷ್ಣಾಂಶ, ಒಂದೇ ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಸಮಸಂಖ್ಯೆಯ ಅಣುಗಳಿರುತ್ತವೆ ಎಂದು ಅವರು 1811ರಲ್ಲೇ ಹೇಳಿದ್ದರು. ಆದರೆ ಬಹುಕಾಲ ಅದಕ್ಕೆ ಮನ್ನಣೆ ಸಿಗಲಿಲ್ಲ. 1860ರಲ್ಲಿ ಕಾರ್ಲ್ಸ್‌ರೂಹೆಯ ಸಮ್ಮೇಳನದಲ್ಲಿ ರಸಾಯನಶಾಸ್ತ್ರಜ್ಞ ಕನ್ನಿಜಾರೊ ಅದನ್ನು ಎತ್ತಿಹಿಡಿದಾಗ ಅವೊಗಾಡ್ರೊ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

● ಎರಡು ಲೀಟರ್ ಜಲಜನಕ, ಒಂದು ಲೀಟರ್ ಆಮ್ಲಜನಕ ಕೂಡಿದರೆ ಮೂರು ಲೀಟರ್ ಹಬೆ ಬರಬೇಕಲ್ಲವೇ? ಬರುವುದು ಎರಡೇ ಲೀಟರ್! ಅನಿಲಗಳು ಗಾತ್ರದಲ್ಲಿ ಹೀಗೆ ಸರಳ ಪ್ರಮಾಣದಲ್ಲಿ ಕೂಡುತ್ತವೆಂದು ಗೇ-ಲ್ಯುಸಾಕ್ 1808ರಲ್ಲಿ ತೋರಿಸಿದರು. ಆದ್ದರಿಂದ ಪ್ರಶ್ನೆಯಲ್ಲಿ ಎಲ್ಲವೂ ಅನಿಲವೇ ಆಗಿದ್ದು, ಒತ್ತಡ, ಉಷ್ಣಾಂಶ ಬದಲಾಗದಿದ್ದರೆ ಮೋಲ್‌ಗೆ ತಿರುಗಿಸುವ ಕೆಲಸವೇ ಇಲ್ಲ. ಸರಿದೂಗಿಸಿದ ಸಮೀಕರಣದ ಅಂಕಿಗಳನ್ನೇ ಲೀಟರ್ ಎಂದು ಓದಿಕೊಳ್ಳಬಹುದು.

● ಒಂದು ಮೋಲ್ ಅನಿಲದ ಗಾತ್ರ 22.4 ಲೀಟರೋ, 22.7 ಲೀಟರೋ? ಎರಡೂ ಸರಿ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ 1 ಅಟ್ಮಾಸ್ಫಿಯರ್ ಆದರೆ 22.4, 1 ಬಾರ್ ಆದರೆ 22.7. ಹಳೆಯ ಪುಸ್ತಕದಲ್ಲಿ ಓದಿದ ಅಪ್ಪನ ಉತ್ತರ, ಹೊಸ ಪುಸ್ತಕದ ಮಗಳ ಉತ್ತರ ತಾಳೆಯಾಗದಿದ್ದರೆ ಜಗಳ ಬೇಡ. ಒತ್ತಡದ ಮಾನ ಯಾವುದೆಂದು ನೋಡಿ.

● 8 ಗ್ರಾಂ ಜಲಜನಕಕ್ಕೆ 8 ಗ್ರಾಂ ಆಮ್ಲಜನಕ ಸೇರಿಸಿ ಕಿಡಿ ತಾಗಿಸಿದರೆ 16 ಗ್ರಾಂ ನೀರು ಸಿಗುವುದಿಲ್ಲ. ಸಿಗುವುದು 9 ಗ್ರಾಂ ಮಾತ್ರ. ತೂಕ ಸಮವಾದರೂ ಎಣಿಕೆಯಲ್ಲಿ ಜಲಜನಕ 4 ಮೋಲ್, ಆಮ್ಲಜನಕ ಬರೀ ಕಾಲು ಮೋಲ್. ಆಮ್ಲಜನಕ ಮೊದಲು ತೀರುತ್ತದೆ. 7 ಗ್ರಾಂ ಜಲಜನಕ ಹಾಗೇ ಉಳಿಯುತ್ತದೆ. ಮೊದಲು ತೀರುವ ವಸ್ತುವೇ ಲಿಮಿಟಿಂಗ್ ರಿಯೇಜೆಂಟ್. ಎಷ್ಟು ಸಿಗುತ್ತದೆಂದು ತೀರ್ಮಾನಿಸುವುದು ಅದೇ.

● ಅಡುಗೆಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. ಅದು ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ. ಲೆಕ್ಕಕ್ಕೆ ಪೂರ್ತಿ ಬ್ಯುಟೇನ್ ಎಂದೇ ಹಿಡಿಯೋಣ. ಸುಮಾರು 245 ಮೋಲ್ ಆಯಿತು. ದ್ರವವಾಗಿ ಅದುಮಿಡದೆ ಕೋಣೆಯ ಉಷ್ಣಾಂಶದಲ್ಲಿ ಹೊರಗೆ ಬಿಟ್ಟರೆ ಅದಕ್ಕೆ ಸುಮಾರು 6 ಸಾವಿರ ಲೀಟರ್ ಜಾಗ ಬೇಕು. ಉರಿದಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 43 ಕೆ.ಜಿ.! ತುಂಬಿದ್ದಕ್ಕಿಂತ ಹೆಚ್ಚು ಎಲ್ಲಿಂದ ಬಂತು? ಗಾಳಿಯಿಂದ ಎಳೆದುಕೊಂಡ 51 ಕೆ.ಜಿ. ಆಮ್ಲಜನಕದಿಂದ. ಜೊತೆಗೆ 22 ಕೆ.ಜಿ. ನೀರಾವಿ. ಕೂಡಿ ನೋಡಿ: ಎರಡೂ ಕಡೆ 65.

● ಒಂದು ಚಮಚ, ಅಂದರೆ ಸುಮಾರು 5 ಗ್ರಾಂ ಅಡುಗೆ ಸೋಡಾ ಬರೀ ಬಿಸಿಗೆ ಒಡೆದರೆ ಮುಕ್ಕಾಲು ಲೀಟರಿನಷ್ಟು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಸಾಕಷ್ಟು ಹುಳಿ ಸಿಕ್ಕರೆ ಅದೇ ಸೋಡಾ ಕೊಡುವುದು ಇದರ ಎರಡರಷ್ಟು, ಹತ್ತಿರ ಹತ್ತಿರ ಒಂದೂವರೆ ಲೀಟರ್. ಸೋಡಾ ಹಾಕುವ ಬೋಂಡಾ ಹಿಟ್ಟಿಗೆ ಹುಳಿ ಮೊಸರು ಬೆರೆಸುವ ಕೈಗೆ ಸಮೀಕರಣ ಗೊತ್ತಿಲ್ಲದಿರಬಹುದು, ಅದರ ಫಲ ಚೆನ್ನಾಗಿ ಗೊತ್ತು.

● ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪಾಗಲಿ, ಸುಣ್ಣದ ಕಲ್ಲಾಗಲಿ, 100 ಕೆ.ಜಿ. ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟರೆ 44 ಕೆ.ಜಿ. ಅನಿಲವಾಗಿ ಹಾರಿ 56 ಕೆ.ಜಿ. ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ 18 ಕೆ.ಜಿ. ಹೀರಿ ಅರಳಿ 74 ಆಗುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ 44 ಕೆ.ಜಿ.ಯನ್ನು ನಿಧಾನವಾಗಿ ಹಿಂದಕ್ಕೆ ಪಡೆದು, 18 ಕೆ.ಜಿ. ನೀರು ಬಿಟ್ಟು, ಮತ್ತೆ 100 ಕೆ.ಜಿ. ಕಲ್ಲಾಗುತ್ತದೆ. ಕೊಟ್ಟ ಸಾಲ ಒಂದು ಗ್ರಾಂ ಕಡಿಮೆಯಾಗದೆ ಮರಳಿತು!

● ಬೆಳಿಗ್ಗೆ 27 ಡಿಗ್ರಿ ಇದ್ದ ಟೈರು ಓಡಿ ಓಡಿ 54 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ ಎರಡು ಪಟ್ಟಾಗುವುದಿಲ್ಲ. ಅನಿಲಕ್ಕೆ ಗೊತ್ತಿರುವುದು ಕೆಲ್ವಿನ್ ಮಾತ್ರ: 300 ಇದ್ದದ್ದು 327 ಆಯಿತು, ಒತ್ತಡ ಏರಿದ್ದು ಶೇ. 9ರಷ್ಟು. ಇನ್ನೊಂದು ಮಾತು: ಪಂಕ್ಚರ್ ಅಂಗಡಿಯ ಮೀಟರು ಹೊರಗಿನ ಗಾಳಿಗಿಂತ ಹೆಚ್ಚಾದ ಒತ್ತಡವನ್ನಷ್ಟೇ ತೋರಿಸುತ್ತದೆ. ಮಂಗಳೂರಿನಂಥ ಕಡಲೂರಿನಲ್ಲಿ ಅದು 30 ಪಿಎಸ್ಐ ಎಂದರೆ, ಲೆಕ್ಕಕ್ಕೆ ಹಿಡಿಯಬೇಕಾದದ್ದು ಸುಮಾರು 45.

● ಮಳೆಗಾಲದ ತೇವದ ಗಾಳಿ ಭಾರ ಎನಿಸುತ್ತದೆ. ನಿಜದಲ್ಲಿ ಅದು ಅಷ್ಟೇ ಬಿಸಿಯ, ಅಷ್ಟೇ ಒತ್ತಡದ ಒಣ ಗಾಳಿಗಿಂತ ಹಗುರ. ಒಣ ಗಾಳಿಯ ಮೋಲ್ ತೂಕ ಸರಾಸರಿ 29 ಗ್ರಾಂ, ನೀರಾವಿಯದು 18. ಅವೊಗಾಡ್ರೊ ಹೇಳಿದಂತೆ ಅದೇ ಗಾತ್ರದಲ್ಲಿ ಎಣಿಕೆ ಬದಲಾಗದು. ಹಾಗಾಗಿ ನೀರಾವಿಯ ಅಣು ಬಂದಲ್ಲಿ ಅದಕ್ಕಿಂತ ಭಾರದ ಅಣುವೊಂದು ಜಾಗ ಬಿಟ್ಟಿರಲೇಬೇಕು.

● ಉತ್ತರ ಚೂರೇ ಚೂರು ತಪ್ಪಿದರೆ ‘ಪರವಾಗಿಲ್ಲ’ ಎನ್ನಬೇಡಿ. ಇಂಗ್ಲೆಂಡಿನ ರ‍್ಯಾಲೆ ಗಾಳಿಯಿಂದ ತೆಗೆದ ಸಾರಜನಕ ಲೀಟರಿಗೆ 1.257 ಗ್ರಾಂ ತೂಗಿತು. ರಾಸಾಯನಿಕಗಳಿಂದ ತಯಾರಿಸಿದ್ದು 1.251. ಶೇಕಡಾ ಅರ್ಧದಷ್ಟು ವ್ಯತ್ಯಾಸ. ಅದರ ಬೆನ್ನುಹತ್ತಿದ ರ‍್ಯಾಲೆ, ವಿಲಿಯಂ ರ‍್ಯಾಮ್ಸೆ ಇಬ್ಬರಿಗೂ 1894ರಲ್ಲಿ ಸಿಕ್ಕಿದ್ದು ಆರ್ಗಾನ್ ಎಂಬ ಹೊಸ ಮೂಲವಸ್ತು. ಜಮ್ಶೆಟ್ಜಿ ಟಾಟಾ ಕನಸಿನ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ಸರಿಯಾದ ಜಾಗ ಎಂದು ಮುಂದೆ ಸಲಹೆ ಕೊಟ್ಟವರು ಇದೇ ರ‍್ಯಾಮ್ಸೆ. ಅವರೊಡನೆ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಆ ಸಂಸ್ಥೆಯ ಮೊದಲ ನಿರ್ದೇಶಕರಾದರು. ನಿಮ್ಮ ನೋಟ್‌ಬುಕ್ಕಿನ ಲೆಕ್ಕ ಮೂರನೆಯ ದಶಮಾಂಶದಲ್ಲಿ ತಾಳೆಯಾಗದಿದ್ದಾಗ ಇನ್ನೊಮ್ಮೆ ಕೂಡಿ ನೋಡಿ. ಆರ್ಗಾನ್ ಅಡಗಿದ್ದದ್ದು ಅಲ್ಲೇ.